ಬಂಡೆಪ್ಪ ನೆಟ್ಟ ಹದಿನಾರು ಗೂಟ

ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏಡಿ ಎಣಿಸುವುದಕ್ಕೂ ಪಗಾರ ಕೊಡುತ್ತಾರೆ ಎಂದರೆ ಇಂಡಿ ತಾಲೂಕಿನಲ್ಲಿ ಯಾರು ನಂಬುತ್ತಾರೆ ಹೇಳಿ? ಬಂಡೆಪ್ಪನ ಸೋದರಮಾವನೂ ನಂಬಲಿಲ್ಲ. "ಮುಂಬೈಕ್ಕ ಹೋಗಿ ಹುಡುಗನ ತಲಿ ಕೆಟ್ಟೈತಿ" ಎಂದು ಊರೆಲ್ಲ ಸಾರಿಕೊಂಡು ಬಂದ. ಆದರೆ ಮಾತು ಖರೆ. ಅರವತ್ತಾರನೇ ಇಸವಿಯಲ್ಲಿ ಬಂಡೆಪ್ಪ ಪರೇಲಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಜವಾನನಾಗಿ ಸೇರಿದ. ಅಲ್ಲಿಂದ ಎಂಟು ವರ್ಷ, ಪ್ರತಿ ಅಮಾವಾಸ್ಯೆ, ಪ್ರತಿ ಹುಣ್ಣಿಮೆ, ಬೆಳಗಿನ ಹೊತ್ತು, ಸಮುದ್ರದ ನೀರು ಒಳನುಗ್ಗಿ ಬರುವ ದಹಿಸರ್ ಖಾಡಿಯಲ್ಲಿ ಇಳಿತ ಶುರುವಾಗುತ್ತಲೇ ವಾರಿಜಾ ಮೇಡಂ ಹಿಂದೆ ಕೆಸರಿಗೆ ಇಳಿದ.

ವಾರಿಜಾ ಮೇಡಂ ಉಡುಪಿ ಕಡೆಯವರು, ಆ ವಿಭಾಗದ ಪ್ರೊಫೆಸರು. ಖಾಡಿಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನಾಲ್ಕು ಚೌಕ ಗುರುತು ಮಾಡಿಕೊಂಡಿದ್ದರು. ಒಂದೊಂದು ಚೌಕದಲ್ಲಿ ಏಡಿ ಎಷ್ಟು, ಕೆಸರಿನ ಮೇಲೆ ಕಪ್ಪೆಯ ಹಾಗೆ ನೆಗೆಯುವ ನಿವಟಿ ಮೀನು ಎಷ್ಟು, ಹೊಸ ಸಸಿ ಎಷ್ಟು ಎಂದು ಎಣಿಸಿ ಬರೆಯುವುದು ಅವರ ಸಂಶೋಧನೆ. ಈ ಗಿಡ ಹೋದರೆ ಸಮುದ್ರದ ಮೀನಿಗೆ ಬಾಣಂತಿ ಕೋಣೆಯೇ ಇಲ್ಲದಂತಾಗುತ್ತದೆ ಎಂದು ವರ್ಷವರ್ಷವೂ ಪಾಠ ಹೇಳುತ್ತಿದ್ದರು. ಎಮ್ಮೆಸ್ಸಿ ಹುಡುಗರು ಖಾಡಿಗೆ ಬಂದರೆ ಮೊದಲ ಪಾಠ ಮಾತ್ರ ಬಂಡೆಪ್ಪನದು. "ಹಿಮ್ಮಡಿ ಊರಬ್ಯಾಡ್ರಿ, ಅಡ್ಡಪಾದ ಇಡ್ರಿ!" ಎನ್ನುವನು. ಕೇಳದವರು ಮೊಣಕಾಲ ತನಕ ಹೂತುಹೋಗಿ, "ಅಯ್ಯೋ ಬಂಡೆಪ್ಪಾ" ಎಂದು ಕೂಗುವರು. ಕೈ ಹಿಡಿದು ಎಳೆಯುವಾಗ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಅಪ್ಪ ಕೆರೆಯ ಮಣ್ಣು ಹೊತ್ತು ಬೆನ್ನು ಬಾಗಿಸಿಕೊಂಡು ಸತ್ತಿದ್ದ, ಮಗ ಕೆಸರಿನಲ್ಲಿ ನಿಂತು ಓದಿದವರಿಗೆ ಪಾಠ ಹೇಳುತ್ತಿದ್ದಾನೆ. ಕಮ್ಮಿ ಮಾತೇ ಇದು?

ಎಪ್ಪತ್ತನಾಲ್ಕರ ಬೇಸಿಗೆಗೆ ಖಾಡಿಯ ದಂಡೆಗೆ ಮಣ್ಣಿನ ಲಾರಿಗಳು ಬಂದವು. ಖಾಡಿಯಲ್ಲಿದ್ದ ಹಳೆಯ ಒಡ್ಡಿನ ಆ ಕಡೆಯ ಜಾಗಕ್ಕೆ ಮಣ್ಣು ತುಂಬಲು ಒಬ್ಬ ಗುತ್ತಿಗೆದಾರನಿಗೆ ಪರವಾನಗಿ ಸಿಕ್ಕಿತ್ತು. ಚೌಕಗಳಿದ್ದ ಈ ಕಡೆಗಿನ್ನೂ ಸಿಕ್ಕಿರಲಿಲ್ಲ. ಮೇಡಂ ಓಡಾಡಿ, ಅರ್ಜಿ ಬರೆದು ಬರೆದು, ಕೊನೆಗೆ ಒಂದು ಸಮಿತಿ ಬಂದು ನೋಡುವಂತೆ ಮಾಡಿದರು. ಸಮಿತಿಯವರು ಚೌಕಗಳನ್ನು ಕಣ್ಣಾರೆ ನೋಡಿ ಒಪ್ಪಿದರೆ ಒಡ್ಡಿನ ಈ ಕಡೆ ಒಂದು ಬುಟ್ಟಿ ಮಣ್ಣೂ ಬೀಳುವುದಿಲ್ಲ. ಎಂಟು ವರ್ಷದ ಎಣಿಕೆಯೆಲ್ಲ ಆ ಒಂದು ದಿನಕ್ಕೆ.

"ಬಂಡೆಪ್ಪ, ಹಳೇ ಬಿದಿರು ಎಲ್ಲ ಕೊಳೆತು ಹೋಗಿದೆ ಮಾರಾಯ. ದೂರದಿಂದಲೇ ಕಾಣುವ ಹಾಗೆ ಹೊಸ ಗೂಟ ಹಾಕಬೇಕಲ್ಲ," ಎಂದರು ಮೇಡಂ.

"ನೀವೇನ್ ಚಿಂತಿ ಮಾಡಬ್ಯಾಡ್ರಿ. ಹೆಂಗ್ ಹಾಕ್ತೀನಿ ನೋಡ್ರಿ!" ಎಂದ ಇವನು.

ಹಾಕಿದ, ನೋಡಿ. ಸರ್ವೆ ಮರದ ಹದಿನಾರು ಗೂಟ, ಚೌಕಕ್ಕೆ ನಾಲ್ಕರಂತೆ. ತಲೆಗೆ ಸುಣ್ಣ. ಕುತ್ತಿಗೆಗೆ ಕೆಂಪು ಬಟ್ಟೆ. ವಿಭಾಗದ ಹಳೆಯ ಪರದೆಯನ್ನು ಹರಿದು ಕಟ್ಟಿದ್ದು. ತಲೆಯಿಂದ ಒಂದು ಗೇಣು ಕೆಳಗೆ ಕೊಡಲಿಯಿಂದ ಒಂದು ಕಚ್ಚು. ಆ ಕಚ್ಚು ಹಾಕು ಎಂದು ಯಾರೂ ಹೇಳಿರಲಿಲ್ಲ. ಅಪ್ಪನ ಜೊತೆ ಹನ್ನೆರಡು ವರ್ಷ ಮಣ್ಣಿನ ಕೆಲಸಕ್ಕೆ ಗೂಟ ಮಾಡಿದ ಕೈ, ಕೊಡಲಿ ಹಿಡಿದ ಕೂಡಲೇ ತನ್ನಷ್ಟಕ್ಕೆ ಹಾಕಿತು. ಮೇಡಂ ನೋಡಿ, "ಫಸ್ಟ್ ಕ್ಲಾಸ್!" ಎಂದರು. ಅವತ್ತು ಹುಣ್ಣಿಮೆ. ಮುಂದಿನ ಎಣಿಕೆ ಅಮಾವಾಸ್ಯೆಗೆ, ಅದರ ಮರುದಿನವೇ ಸಮಿತಿ.

ಬಂಡೆಪ್ಪ ಮತ್ತು ಅವನ ಹೆಂಡತಿ ಹಾಲವ್ವನ ಜೋಪಡಿ ದಹಿಸರ್ ಸ್ಟೇಶನ್ನಿನ ಪೂರ್ವಕ್ಕಿತ್ತು. ಇವನು ಬೆಳಿಗ್ಗೆ ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ಪರೇಲಿಗೆ ಹೋದರೆ, ಅವಳು ಕೂಲಿಯವರು ಸೇರುವ ನಾಕಾದಲ್ಲಿ ನಿಂತು, ಲಾರಿ ಎಲ್ಲಿಗೆ ಕರೆದರೆ ಅಲ್ಲಿಗೆ ಬುಟ್ಟಿ ಹೊರಲು ಹೋಗುವಳು. ಗಂಡ ಏಡಿ ಎಣಿಸುತ್ತಾನೆ ಎಂಬುದು ಅವಳಿಗೆ ನಗೆಯ ವಿಷಯ. "ಇವತ್ತ ಎಷ್ಟ್ ಹಡದಾವ ನಿನ್ನ ಏಡಿ?" ಎಂದು ರೇಗಿಸುವಳು. ಇವನು ಎಣಿಸುವ ಜಾಗವನ್ನು ಅವಳು ನೋಡಿರಲಿಲ್ಲ, ಅವಳು ಹೊರುವ ಜಾಗವನ್ನು ಇವನು ಕೇಳುತ್ತಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ಸಂಜೆ ಹಾಲವ್ವ ಖುಷಿಯಾಗಿ ಮನೆಗೆ ಬಂದಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬಟ್ಟೆ ಚೂರುಗಳನ್ನು ಚಾಪೆಯ ಮೇಲೆ ಸುರಿದಳು. "ನೋಡಿಲ್ಲಿ, ಕೌದಿಗೆ ಎಷ್ಟ್ ಚಂದ ಆಕ್ಕಾವ. ಆದ್ರ ಏನೋ ದವಾಖಾನಿ ನಾತ ಹೊಡಿತಾವ, ತೊಳಿಬೇಕು."

ಬಂಡೆಪ್ಪ ಒಂದು ಚೂರು ಎತ್ತಿ ಮೂಸಿದ. ಫಾರ್ಮಲಿನ್. ಏಡಿ ತುಂಬಿಟ್ಟ ಬಾಟಲಿಗಳ ವಾಸನೆ, ಎಂಟು ವರ್ಷ ಅವನ ಕೈಗೂ ವಿಭಾಗದ ಪರದೆಗೂ ಅಂಟಿದ ವಾಸನೆ.

"ಎಲ್ಲಿ ಸಿಕ್ಕುವು ಇವು?"

"ಖಾಡ್ಯಾಗ. ಒಡ್ಡಿನ ಆ ಕಡಿ ಮುಗೀತು. ಈ ಕಡಿ ನೋಡಿದ್ರ ಗೂಟಾ ಹಾಕಿ, ಸುಣ್ಣಾ ಬಳದು, ಈ ಬಟ್ಟಿ ಕಟ್ಟಿ, ಮಟ್ಟದ ಕಚ್ಚು ಕಡದು ತಯಾರ್ ಇಟ್ಟಾರ. ನಮ್ಮ ಗ್ಯಾಂಗಿನ ಮುಕಾದಮ ಗುರಲಿಂಗಪ್ಪ ಅಂದಾ, ಸಾಹೇಬರು ಅಳತಿ ಕೊಟ್ಟಾರ, ಕಚ್ಚಿನ ಮಟ ತುಂಬ್ರಿ ಅಂತ. ಹನ್ನೆರಡ್ ದಿನದಾಗ ತುಂಬಿ ಒಗದ್ವಿ. ಯಾರ್ ಹಾಕಿದ್ರೋ, ನಮ್ಮ ಕಡಿಯವರ ಇರಬೇಕು. ನಿಮ್ಮಪ್ಪ ಹಾಕ್ತಿದ್ನಲ್ಲ, ಥೇಟ್ ಹಂಗ."

ಬಂಡೆಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ರೈಲು ಫಾಟಕು ದಾಟಿ, ಉಪ್ಪಿನ ಪಾತಿಗಳ ಬದುವಿನ ಮೇಲೆ ಓಡಿ ಒಡ್ಡು ಹತ್ತಿದಾಗ ಇನ್ನೂ ಬೆಳಕಿತ್ತು. ಹಿಮ್ಮಡಿ ಊರಿದ, ಹೂತುಕೊಳ್ಳಲಿಲ್ಲ. ಕೆಂಪು ಮೊರಂ ಮಣ್ಣು, ಧಮ್ಮಸ್ಸು ಹಾಕಿ ಗಟ್ಟಿ ಮಾಡಿದ್ದು. ಹದಿನಾರು ಗೂಟಗಳೂ ಇದ್ದವು, ಒಂದೊಂದೂ ಕಚ್ಚಿನ ತನಕ ಹೂತು, ಗೇಣುದ್ದ ಮಾತ್ರ ಮೇಲೆ. ಕೂದಲೆಳೆಯಷ್ಟೂ ತಪ್ಪಿಲ್ಲದ ಕೆಲಸ. ನಮ್ಮ ಜನ ಮಣ್ಣಿನ ಕೆಲಸದಲ್ಲಿ ತಪ್ಪುತ್ತಾರೆಯೇ? ಬಂಡೆಪ್ಪ ಅಲ್ಲೇ ಕುಸಿದು ಕೂತು ಎದೆ ಎದೆ ಬಡಿದುಕೊಂಡು ಅತ್ತ.

ಮರುದಿನ ಮೇಡಂ ಬಂದು ಒಡ್ಡಿನ ಮೇಲೆ ಗರಬಡಿದವರ ಹಾಗೆ ನಿಂತರು. "ಅಯ್ಯೋ ದೇವರೇ, ಬೇಕೂಂತಲೇ ಮಾಡಿದ್ದಾರೆ ಕಳ್ಳರು," ಎಂದರು. ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬಂಡೆಪ್ಪನಿಂದ ಆಗಲಿಲ್ಲ.

"ಅವರದೇನ್ ತಪ್ಪಿಲ್ರಿ. ನಾ ಹಾಕಿದ ಕಚ್ಚು. ನಮ್ಮೊಳಗ ಅದರ ಅರ್ಥ, ಇಲ್ಲೀಮಟ ಮಣ್ಣು ತುಂಬ್ರಿ ಅಂತ."

ಮೇಡಂ ಒಡ್ಡಿನಿಂದ ಇಳಿದು ಒಂದು ಗೂಟದ ಕಚ್ಚನ್ನು ಬಗ್ಗಿ ನೋಡಿದರು. ಆಮೇಲೆ, "ಫಸ್ಟ್ ಕ್ಲಾಸ್ ಅಂತ ಹೇಳಿದ್ದು ನಾನೇ ಅಲ್ವಾ," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವನಿಗೆ.

ಅದರ ಮರುದಿನ ಸಮಿತಿ ಬಂತು. ಮೂವರು, ಕಾಲಿಗೆ ಬೂಟು. ಕೆಸರಿಗೆಂದು ತಂದ ಗಮ್‌ಬೂಟನ್ನು ಕಾರಿನಿಂದ ಇಳಿಸುವ ಪ್ರಸಂಗವೇ ಬರಲಿಲ್ಲ. ಒಬ್ಬರು ನೆಲವನ್ನು ಬೂಟಿನಿಂದ ತಟ್ಟಿ, "ಇಲ್ಲಿ ಜೀವಿಗಳು ಎಲ್ಲಿವೆ, ಮೇಡಂ?" ಎಂದು ಹಿಂದಿಯಲ್ಲಿ ಕೇಳಿದರು. ಮೇಡಂ ಎಂಟು ವರ್ಷದ ನೋಟುಬುಕ್ಕುಗಳನ್ನು ಮುಂದೆ ಹಿಡಿದರು. ಸಮಿತಿಯವರು ಕಾಲುಗಂಟೆಯಲ್ಲಿ ಹೊರಟುಹೋದರು. ವಾರದೊಳಗೆ ಒಡ್ಡಿನ ಈ ಕಡೆಗೂ ಪರವಾನಗಿ ಆಯಿತು. ಎಂಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಬಂಡೆಪ್ಪ ಹೆಂಡತಿಗೆ ಹೇಳದೆ ನುಂಗಿಕೊಂಡಿದ್ದ. ಆದರೆ ಕೌದಿ ಮುಗಿಯಿತು. ನಡುವೆ ಸಾಲಾಗಿ ಕೆಂಪು ಚೂರು ಕೂರಿಸಿ ಹಾಲವ್ವ ಚಂದವಾಗಿ ಹೊಲಿದಿದ್ದಳು. ಮಳೆಯ ಥಂಡಿಯಲ್ಲೂ ಗಂಡ ಅದನ್ನು ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಅವಳಿಗೆ ರೇಗಿತು.

"ನಾ ಹೊಲದಿದ್ದು ಹೊದ್ಕೊಳ್ಳಾಕ ಏನ್ ಧಾಡಿ ನಿನಗ?"

ಅವನು ಹೇಳಿಬಿಟ್ಟ. ಗೂಟ, ಕಚ್ಚು, ಚೌಕ, ಸಮಿತಿ, ಎಲ್ಲ. ಕೊನೆಗೆ, "ನನ್ನ ಏಡಿಗೋಳ ಮ್ಯಾಲ ನೀ ಮಣ್ಣ ಹಾಕಿದಿ, ಹಾಲವ್ವ," ಎಂದ.

ಹಾಲವ್ವ ತಲೆಗೆ ಸುತ್ತಿಕೊಳ್ಳುತ್ತಿದ್ದ ಸಿಂಬೆಯನ್ನು ಕೈಯಲ್ಲೇ ಹಿಡಿದು ನಿಂತಳು. ಕಣ್ಣು ತುಂಬಿಕೊಂಡವು.

"ಎಂಟ್ ವರ್ಷ ಕಾಲೇಜಿನ ಹುಡುಗುರನ್ನ ಕೈ ಹಿಡದ ಕರಕೊಂಡ ಹೋಗಿ ತೋರಿಸಿದಿ. ಒಂದ್ ದಿನಾರ ನನ್ನ ಕರದೇನು? ಬಾ, ಇಲ್ಲಿ ಮೀನ ಹಡಿತಾವ ಅಂತ ತೋರಿಸಿದ್ದರ, ಒಂದ್ ಬುಟ್ಟಿ ಹಾಕ್ತಿದ್ನೇನು ನಾನು? ಹಾಕಾಕ ಬಿಡ್ತಿದ್ನೇನು?"

ಹೊರಗೆ ನಾಕಾದಿಂದ ಲಾರಿಯ ಹಾರನ್ ಕೇಳಿಸಿತು. ಒಡ್ಡಿನ ಈ ಕಡೆ ಉಳಿದ ಜಾಗಕ್ಕೆ ಮಣ್ಣು ತುಂಬಲು ಇನ್ನೂ ಎರಡು ತಿಂಗಳ ಕೆಲಸವಿತ್ತು. ಹಾಲವ್ವ ಕಣ್ಣೊರೆಸಿಕೊಂಡು ಬುಟ್ಟಿ ಎತ್ತಿಕೊಂಡು ಹೋದಳು.