ಎರೆಯದ ಕೂಸಿನ ರಕ್ತ

ಬಸವಕಲ್ಯಾಣದ ದವಾಖಾನೆಯಲ್ಲಿ ನಾನು ರಕ್ತ ಪರೀಕ್ಷೆ ಮಾಡುತ್ತಿದ್ದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದೇ ಕಣ ಎಣಿಸುವ ಕಾಲ ಅದು. ಮುಡಬಿಯ ಬಾಣಂತಿಯೊಬ್ಬಳ ಎಳೆಗೂಸಿನ ರಕ್ತದಲ್ಲಿ ಬಿಳಿಕಣಗಳು ವಿಪರೀತ ಕಂಡವು. ಮರುದಿನವೂ ಅಷ್ಟೇ. ನಂಜಿರಬೇಕೆಂದು ಹೆದರಿದ ಡಾಕ್ಟರು, ಬೆಳಿಗ್ಗೆ ಇನ್ನೊಮ್ಮೆ ನೋಡಿ ಹುಮನಾಬಾದ್ ಬಸ್ಸು ಹತ್ತಿಸೋಣ, ಅಲ್ಲಿಂದ ಗುಲ್ಬರ್ಗಾದ ದೊಡ್ಡ ಆಸ್ಪತ್ರೆಗೆ ಹೋಗಲಿ ಎಂದರು.

ಬೆಳಿಗ್ಗೆ ಕೂಸನ್ನು ತಂದ ಅಜ್ಜಿ ನಾಚಿಕೊಂಡು, "ಬಸ್ಸಿನ ಗಡಿಬಿಡಿರಿ, ಇವತ್ತ ಕೂಸಿಗಿ ಎರಿಯೋದಾಗಿಲ್ಲ" ಅಂದಳು.

"ಅಂದ್ರ, ನಿನ್ನಿ ಮೊನ್ನಿ ಎರದು ತಂದಿದ್ರೇನು?" ಎಂದು ಕೇಳಿದೆ.

"ಮತ್ತ? ಡಾಕ್ಟರ್ ಮುಂದ ಹಂಗೇ ತರೋದೇನ್ರಿ? ಎಣ್ಣಿ ತಿಕ್ಕಿ, ಬಿಸಿಬಿಸಿ ನೀರು ಹಾಕಿ, ಹೊಯ್ಕೊಳ್ಳಾಕತ್ತಿದ್ದ ಕೂಸಿಗಿ ಹಂಗೇ ಎತ್ಕೊಂಡು ಬಂದಿದ್ದೆ."

ಆ ದಿನ ಕೂಸು ಗಾಢ ನಿದ್ದೆಯಲ್ಲಿತ್ತು. ಹಿಮ್ಮಡಿ ಚುಚ್ಚಿ ನೋಡಿದರೆ ಬಿಳಿಕಣಗಳು ಅರ್ಧಕ್ಕಿಳಿದಿದ್ದವು. ಡಾಕ್ಟರು ಜೋರಾಗಿ ನಕ್ಕರು. "ಎಳೆಗೂಸು ಚೀರಿ ಅತ್ತರೂ ಬಿಳಿಕಣ ಏರ್ತಾವ. ಗುಲ್ಬರ್ಗಾ ಬ್ಯಾಡ, ಊರಿಗೆ ಕಳಿಸ್ರಿ."

ಅಜ್ಜಿಗೆ ಮಾತ್ರ ಸಮಾಧಾನವಾಗಲಿಲ್ಲ. "ಮೈ ತೊಳೀಲಾರದ ಕೂಸಿನ ರಕ್ತ ನಂಬಬ್ಯಾಡ್ರಿ ಸಾಹೇಬ್ರ. ನಾಳಿ ಛಲೋತ್ನಾಗಿ ಎರದು ತರ್ತೀನಿ, ಆಗ ನೋಡ್ರಿ."

ನಾಳೆ ದವಾಖಾನೆಗೆ ಸೂಟಿ ಅಂತ ಸುಳ್ಳು ಹೇಳಿ, ಮುಡಬಿ ಬಸ್ಸಿಗೆ ನಾನೇ ಹತ್ತಿಸಿ ಬಂದೆ.