ಉಡದಾರದ ಕೆಳಗೆ

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದೇವದುರ್ಗದ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸಿ ಅವ್ವ ಓದಿಸಿದಳು. ಡಾಕ್ಟರಾದ ಮೇಲೆ ಅರಿವಳಿಕೆ ಕಲಿಯಲು ರಾಯಚೂರಿಗೆ ಬಂದೆ. ಆಪರೇಷನ್ನಿಗೆ ಮುಂಚೆ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವುದು ಅಲ್ಲಿ ಮೊದಲು ಕೈಗೆ ಬರಬೇಕಾದ ಕೆಲಸ.

"ಕಣ್ಣು ನಂಬಬ್ಯಾಡ್ರಿ, ಕೈ ನಂಬ್ರಿ," ಅನ್ನುತ್ತಿದ್ದರು ಕಲಿಸುವ ಸರ್. ಎರಡೂ ಕೈಯಿಂದ ಸೊಂಟದ ಎಲುಬಿನ ಮೇಲಂಚು ಒತ್ತಿ ಹಿಡಿಯಬೇಕು. ಅದೇ ಮಟ್ಟದಲ್ಲಿ ಬೆನ್ನಿನ ನಡುವೆ ಸಂದು ಹುಡುಕಬೇಕು. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಸೂಜಿ ಮೇಲೆ ಹೋದರೆ ಹುರಿಗೇ ತಾಗಬಹುದು, ಮನುಷ್ಯನ ಕಾಲು ಹೋಗಬಹುದು.

ನಾನೊಂದು ಸುಲಭದ ದಾರಿ ಕಂಡುಕೊಂಡಿದ್ದೆ. ನಮ್ಮ ಕಡೆಯ ಗಂಡಸರ ಉಡದಾರ ಸಾಮಾನ್ಯವಾಗಿ ಆ ಎಲುಬಿನ ಮೇಲೇ ಕೂತಿರುತ್ತದೆ. ಕರಿದಾರ ಕಂಡರೆ ನನಗೆ ಗೆರೆ ಸಿಕ್ಕಂತೆ.

ಅವತ್ತು ಬಂದವರು ಮಾನ್ವಿಯ ಅಕ್ಕಿ ಗಿರಣಿಯ ಹಮಾಲರೊಬ್ಬರು. ಚೀಲ ಎತ್ತಿ ಎತ್ತಿ ಹರ್ನಿಯಾ ಆಗಿತ್ತು. ನರ್ಸ್ ಕತ್ತರಿ ತಂದಾಗ ಉಡದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಇದನ್ನ ಹರಿಯೋದು ಸತ್ತ ಮ್ಯಾಲ, ಯವ್ವಾ. ನಾ ಇನ್ನಾ ಸತ್ತಿಲ್ಲ."

"ಹಂಗಾದ್ರ ಸುಮ್ನ ಬಗ್ಗಿ ಕುಂದರ್ರಿ ಯಪ್ಪಾ," ಎಂದಳು ನರ್ಸ್.

ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ದಿಂಬು ಅಪ್ಪಿ ಬಗ್ಗಿ ಕೂತಿದ್ದರು. ಬೆನ್ನಿಗೆ ಔಷಧಿ ಬಳಿದೆ. ಉಡದಾರದ ಕೆಳಗೆ ಕಂಡಿ ಬರುವಂತೆ ಬಟ್ಟೆ ಹೊದಿಸಿದೆ. ಸಣ್ಣ ಸೂಜಿಯಿಂದ ಚರ್ಮ ಮರಗಟ್ಟಿಸಿ, ಉದ್ದನೆಯ ಸೂಜಿ ಹಿಡಿದು, ಎಡಗೈಯನ್ನು ಬಟ್ಟೆಯ ಮೇಲಿಂದ ಅವರ ಮಗ್ಗುಲಿಗೆ ಆನಿಸಿದೆ. ಸೊಂಟದ ಎಲುಬು ಇರಬೇಕಾದಲ್ಲಿ ಪಕ್ಕೆಲುಬು ಸಿಕ್ಕಿತು. ನಾನು ಕೈ ತೊಳೆಯುತ್ತಿದ್ದಾಗ, ಆಪರೇಷನ್ನಿಗೆ ಅಡ್ಡ ಬರದಿರಲೆಂದು ನರ್ಸ್ ದಾರವನ್ನು ಮೇಲಕ್ಕೆ ಸರಿಸಿದ್ದಳು.

ಕೈ ನಿಂತಿತು.

"ಏನ್ರೀ ಡಾಕ್ಟರ್, ಬಾವಿ ತೋಡಾಕತ್ತೀರೇನು?" ಎಂದರು ಕಾಯುತ್ತಿದ್ದ ಸರ್ಜನ್.

ಮುಂದೆ ಹಮಾಲರ ಬೆನ್ನು, ಹಿಂದೆ ಸರ್. ಅಲ್ಲಾಡಲು ಜಾಗವಿರಲಿಲ್ಲ. ನನ್ನಂಥವಳು ತಪ್ಪಿದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ. ಇಂಥವರಿಗೆ ಸೀಟು ಕೊಟ್ಟರೆ ಇಷ್ಟೇ ಅನ್ನುವವರು ಬಾಗಿಲಲ್ಲೇ ನಿಂತಿರುತ್ತಾರೆ. ಸುಮ್ಮನೆ ಕೆಳಗೆ ಸರಿದು ಅಂದಾಜಿನ ಮೇಲೆ ಚುಚ್ಚಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕಾಲುಗಳು ಚೀಲ ಹೊರುವವರವು.

"ಸರ್, ಜಾಗ ತಪ್ಪೀನಿ. ಬಟ್ಟಿ ತೆಗೆದು ಮೊದಲಿಂದ ನೋಡಬೇಕು."

ಸರ್ಜನ್ ಗಡಿಯಾರ ನೋಡಿದರು.

"ತೆಗೀರಿ," ಅಂದರು ಸರ್.

ಈ ಸಲ ಒತ್ತಿ ಹುಡುಕಿದೆ. ಸಂದು ಸಿಕ್ಕಿತು. ಜಾಗ ಸರಿ ಅನ್ನುವ ಗುರುತಾಗಿ ಸೂಜಿಯ ಹಿಂಬದಿಯಲ್ಲಿ ನೀರಿನಂಥ ತಿಳಿ ಹನಿ ಮೂಡಿತು. ಔಷಧಿ ಹಾಕಿ ಮಲಗಿಸಿದೆವು.

ಆಪರೇಷನ್ ಮುಗಿದ ಮೇಲೆ ಊಟಕ್ಕೆ ಹೋಗಲಾಗಲಿಲ್ಲ. ಎಲ್ಲ ಸರಿಯಾಗಿದೆ ಎಂದು ತಲೆಗೆ ಗೊತ್ತಿತ್ತು. ಅವರ ಕಾಲ ಬಳಿಯ ಸ್ಟೂಲಿನಿಂದ ಮೈ ಏಳಲಿಲ್ಲ. ಬಿಸಿಲು ಕಿಟಕಿ ಬಿಟ್ಟು ಹೋದ ಮೇಲೆ ಹೆಬ್ಬೆರಳು ಅಲ್ಲಾಡಿತು.

"ಇನ್ನೊಮ್ಮೆ ಅಲ್ಲಾಡಸ್ರಿ."

"ಅಲ್ಲಾಡಸೀನಲ್ಲವ್ವಾ."

"ಆ ಕಾಲು?"

ಅದನ್ನೂ ಅಲ್ಲಾಡಿಸಿ ನನ್ನ ಮುಖ ನೋಡಿದರು. "ನಿನಗ ಬ್ಯಾರೆ ಪೇಷಂಟ್ ಇಲ್ಲೇನು? ಹೋಗು, ಉಂಡು ಬಾ."

"ಮೊದ್ಲ ಮೊಣಕಾಲು ಮಡಚ್ರಿ," ಎಂದೆ.