ಒಂದು ಹೆಸರಿಗೆ ಒಂದೇ ಪುಡಿ

ನಮ್ಮ ಮನೆಯಲ್ಲಿ ಏನೇ ಬೇಕಾದರೂ ನನ್ನನ್ನು ಕೇಳುವ ರೂಢಿಯಿತ್ತು. ಗ್ಯಾಸ್ ಕನೆಕ್ಷನ್ ನಂಬರು, ಅತ್ತೆಯ ಕನ್ನಡಕದ ಪವರು, ಗುಬ್ಬಿಯ ನಾದಿನಿಯ ಮಗಳ ನಕ್ಷತ್ರ, ಯಾರ ಗೃಹಪ್ರವೇಶಕ್ಕೆ ಯಾವ ಬಣ್ಣದ ಸೀರೆ ಕೊಟ್ಟೆವು ಅನ್ನುವುದು. ಒಗ್ಗರಣೆ ಹಾಕುತ್ತ, ಫೋನನ್ನು ಭುಜಕ್ಕೆ ಒತ್ತಿಕೊಂಡು ಉತ್ತರ ಹೇಳುತ್ತಿದ್ದೆ. ಗೊಣಗಿಕೊಂಡೇ ಹೇಳುತ್ತಿದ್ದೆ, ಆದರೆ ಯಾರೂ ಕೇಳದ ದಿನ ಏನೋ ಬಿಕೋ ಅನ್ನಿಸುತ್ತಿತ್ತು.

ಕುಣಿಗಲ್‌ನಲ್ಲಿರುವ ನನ್ನ ಮೈದುನನ ಹೆಂಡತಿ ಮನೆಯಿಂದಲೇ ಯಾವುದೋ ಕಂಪನಿಗೆ ಪ್ರೋಗ್ರಾಂ ಬರೆಯುತ್ತಾಳೆ. ಒಮ್ಮೆ ಹಬ್ಬಕ್ಕೆ ತುಮಕೂರಿಗೆ ಬಂದವಳು ಎಲ್ಲರ ಫೋನಿಗೂ ತಾನೇ ಮಾಡಿದ ಪುಟ್ಟ ಆ್ಯಪ್ ಒಂದನ್ನು ಹಾಕಿಕೊಟ್ಟಳು.

"ಒಳಗಿರೋ ಡೇಟಾಬೇಸ್ ತುಂಬ ಹಗುರ ಅಕ್ಕ. ಟೇಬಲ್ಲು ಗೀಬಲ್ಲು ಏನಿಲ್ಲ. ಒಂದ್ ಹೆಸ್ರು, ಅದರ ಹಿಂದೆ ಒಂದ್ ವಿಷ್ಯ. ಕೀ, ವ್ಯಾಲ್ಯೂ, ಅಷ್ಟೇ. ಹೆಸ್ರು ಹೊಡುದ್ರೆ ವಿಷ್ಯ ಬರ್ತದೆ."

"ನಾನೂ ಅದನ್ನೇ ತಾನೇ ಮಾಡ್ತಿದ್ದಿದ್ದು?" ಅಂದೆ.

"ನೀವು ಬೈತೀರ. ಇದು ಬೈಯಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಬ್ಬರು ಹಾಕಿದ್ದು ಎಲ್ಲರ ಫೋನಿನಲ್ಲೂ ಸಿಗುತ್ತದೆ ಅಂದಳು. ಫೋನ್ ಕಳೆದರೂ ಭಯವಿಲ್ಲ, ಎನ್‌ಕ್ರಿಪ್ಷನ್ ಅದರೊಳಗೇ ಇದೆ, ಕದ್ದವನಿಗೆ ಅರ್ಥವಿಲ್ಲದ ಅಕ್ಷರದ ರಾಶಿ ಮಾತ್ರ ಕಾಣುತ್ತದೆ ಅಂದಳು. ಬೇಕಾದರೆ ಒಂದೊಂದು ವಿಷಯಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇಡಬಹುದು. ಆಗ ಅದಿಲ್ಲದೆ ಓದುವುದಕ್ಕೂ ಆಗದು, ಬದಲಾಯಿಸುವುದಕ್ಕೂ ಆಗದು. ಅತ್ತೆ ಗೋಡೆಗೆ ಒರಗಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ನನಗೆ ಬರುವ ಫೋನುಗಳು ಕಡಿಮೆಯಾದವು. ಅಡುಗೆಮನೆಯಲ್ಲಿ ಕುಕ್ಕರಿನ ಸದ್ದು ಮಾತ್ರ ಉಳಿಯಿತು. ಒಂದು ದಿನ ನಾನೇ ನಾದಿನಿಗೆ ಫೋನ್ ಮಾಡಿ, "ಅತ್ತೇದು ಸ್ಕ್ಯಾನಿಂಗ್ ರಿಪೋರ್ಟ್ ಬೇಕು ಅಂದಿದ್ಯಲ್ಲ?" ಅಂತ ಕೇಳಿದೆ.

"ಅಯ್ಯೋ, ಆ್ಯಪ್‌ನಲ್ಲೇ ಸಿಕ್ತು ಅತ್ತಿಗೆ. ನಿಮಗ್ಯಾಕೆ ಸುಮ್ನೆ ತೊಂದ್ರೆ!"

ತೊಂದರೆಯಂತೆ.

ಅದೇ ಮಧ್ಯಾಹ್ನ, ಈ ಮಾಯಾವಿಗೆ ಏನು ಗೊತ್ತಿಲ್ಲ ನೋಡೋಣ ಎಂದು 'ಸಾರಿನ ಪುಡಿ' ಅಂತ ಹೊಡೆದೆ. ಸಿಗುವುದಿಲ್ಲ ಅಂದುಕೊಂಡಿದ್ದೆ. ಪಾಸ್‌ವರ್ಡ್ ಕೇಳಿತು.

"ಅದಾ? ಅಮ್ಮ ಹಾಕ್ಸಿರೋದು," ಅಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ. "ಹೋದ್ ವಾರ ಕುಣಿಗಲ್‌ಗೆ ಹೋಗಿದ್ಲಲ್ಲ, ಅವಾಗ."

ನಾನು ಈ ಮನೆಗೆ ಬಂದಾಗ ಅತ್ತೆಯನ್ನು ಮೊದಲು ಕೇಳಿದ್ದೇ ಆ ಪುಡಿಯ ಅಳತೆ. "ಅಳತೆ ಎಂಥದೇ, ಕಣ್ಣಂದಾಜು" ಅಂದಿದ್ದರು. ಪಕ್ಕದಲ್ಲಿ ನಿಂತು, ಮೂಸಿ ನೋಡಿ, ಸೀದು ಹೋದದ್ದನ್ನು ಗುಟ್ಟಾಗಿ ಎಸೆದು ಕಲಿತೆ. ಈಗ ಚಿಕ್ಕ ಸೊಸೆಯ ಮುಂದೆ ಕಣ್ಣಂದಾಜು ಹೇಗೆ ಅಳತೆಯಾಯಿತು? ನೆಂಟರು ಹೊಗಳುವ ಅವಳ ತೆಳ್ಳನೆಯ ಮೈಯಾಗಲಿ ಸಂಬಳವಾಗಲಿ ನನ್ನನ್ನು ಇಷ್ಟು ಸುಟ್ಟಿರಲಿಲ್ಲ.

ಅತ್ತೆಯ ತವರೂರಿನ ಹೆಸರು ಹೊಡೆದೆ. ಮನೆದೇವರ ಹೆಸರು ಹೊಡೆದೆ. ಅವರು ಮುದ್ದಿನಿಂದ ಸಾಕಿದ್ದ ಹಸುವಿನ ಹೆಸರನ್ನೂ ಹೊಡೆದೆ. ಬಾಗಿಲು ತೆರೆಯಲಿಲ್ಲ. ಕೊನೆಗೆ ಕುಣಿಗಲ್‌ಗೆ ಫೋನ್ ಮಾಡಿ, ಮಗುವಿನ ಕೆಮ್ಮು ವಿಚಾರಿಸಿ, ಆಮೇಲೆ ಆ ಮಾತೆತ್ತಿದೆ.

"ನನ್ ಕೈಲೂ ತೆಗಿಯೋಕಾಗಲ್ಲ ಅಕ್ಕ. ಅತ್ತೆನೇ ಪಾಸ್‌ವರ್ಡ್ ಹೊಡ್ಕೊಂಡ್ರು. ಅವರು ಮರೆತ್ರೆ ಅಲ್ಲಿಗೆ ಮುಗೀತು."

"ಅಳತೆ ಟೈಪ್ ಮಾಡಿದ್ಯಾರು?"

"ನಾನೇ."

"ಹಂಗಾದ್ರೆ ನಿಂಗ್ ಗೊತ್ತದೆ."

"ಗೊತ್ತದೆ ಅಕ್ಕ. ನಿಮಗೆ ಹೇಳ್ಬೇಡ ಅಂದವ್ರೆ."

ಎರಡು ದಿನ ಅತ್ತೆಯ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದೆ. ಕಾಫಿ ಲೋಟವನ್ನು ಕೈಗೆ ಕೊಡದೆ ಪಕ್ಕದಲ್ಲಿಟ್ಟು ಬಂದೆ. ಮೂರನೆಯ ದಿನ ಮಿಲ್ಲಿಗೆ ಕಳಿಸಲು ಧನಿಯಾ ಹುರಿಯುತ್ತಿದ್ದೆ. ಅವರು ಬಂದು ಮಣೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸತೊಡಗಿದರು.

"ಏನೇ, ಮುಖ ಊದಿಸ್ಕೊಂಡಿದ್ದೀಯ?"

"ನಾನ್ಯಾಕ್ ಊದಿಸ್ಕೊಳ್ಳಿ. ಹೇಳೋದನ್ನೆಲ್ಲ ಕುಣಿಗಲ್‌ನಲ್ಲೇ ಹೇಳ್ತೀರಲ್ಲ, ಅಲ್ಲೇ ಇದ್ಬಿಡಿ."

"ಓ, ಪುಡಿ ವಿಷ್ಯವಾ." ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಅವಳು ಏನಂದ್ಲು ಗೊತ್ತಾ? ಒಂದ್ ಹೆಸ್ರಿಗೆ ಒಂದೇ ಇರೋದು, ಅದೇ ಹೆಸ್ರಲ್ಲಿ ಇನ್ನೊಂದು ಹಾಕಿದ್ರೆ ಹಳೇದು ಹೊರ್ಟೋಯ್ತದೆ ಅಂದ್ಲು. ನಂಗೆ ಎದೆ ಧಸಕ್ ಅಂತು."

"ಯಾಕೆ?"

"ಯಾಕೆ ಅಂದ್ರೆ? ನೀನು ಹಾಕೇ ಹಾಕ್ತೀಯ. ಈಗ್ಲೇ ನೋಡು, ನನ್ ಮಗಳು ಗುಬ್ಬಿಯಿಂದ ಫೋನ್ ಮಾಡಿ ಅತ್ತಿಗೆ ಮಾಡಿದ್ ಪುಡಿ ಕಳ್ಸು ಅಂತಾಳೆ. ಹೆತ್ತವಳು ನಾನು, ನನ್ ಪುಡಿ ಕೇಳಲ್ಲ. ನೀನು ಬ್ಯಾಡಗಿ ಜಾಸ್ತಿ ಮಾಡ್ದೆ, ಮೆಂತ್ಯ ಇಳಿಸ್ದೆ, ಎಲ್ರೂ ಭೇಷ್ ಅಂದ್ರು. ಈ ಮನೇಲಿ ನಂದು ಅನ್ನೋ ರುಚಿ ಎಲ್ಲದೆ ಹೇಳು?"

ಬಾಣಲೆಯಲ್ಲಿ ಧನಿಯಾ ಚಟಪಟ ಅನ್ನುತ್ತಿತ್ತು. ನಾನು ಉರಿ ಸಣ್ಣ ಮಾಡಿದೆ.

"ನಂಗೇ ಹೇಳಿದ್ರೆ ಹಂಗೇ ಮಾಡ್ತಿದ್ದೆ ಅತ್ತೆ."

"ಸುಳ್ಳ್ ಹೇಳ್ಬೇಡ. ನಾಲ್ಗೆ ಮೇಲಿಟ್ಟು, ಅತ್ತೆ, ಮೆಂತ್ಯ ಸ್ವಲ್ಪ ಕಮ್ಮಿ ಮಾಡ್ಲಾ ಅಂತಿದ್ದೆ. ಅವ್ಳಿಗೆ ಅಡ್ಗೆ ಬರಲ್ಲ. ಹೇಳಿದ್ದನ್ನ ಹೇಳ್ದಂಗೆ ಬರ್ಕೊಂಡ್ಲು."

ಅಂದರೆ ಇಷ್ಟು ವರ್ಷ ಈ ಒಲೆಯ ಮುಂದೆ ಅವರು ನನ್ನನ್ನು ನೋಡಿ ಉರಿದುಕೊಂಡಿದ್ದರು. ನನಗೆ ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ಪಾಸ್‌ವರ್ಡ್ ಏನೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮುಂದಿನ ಭಾನುವಾರ ಕುಣಿಗಲ್‌ನಿಂದ ಒಂದು ಸ್ಟೀಲ್ ಡಬ್ಬಿ ಬಂತು. ಅತ್ತೆ ಹೇಳಿದ ಅಳತೆಯಲ್ಲೇ ಓರಗಿತ್ತಿ ಮಾಡಿಸಿದ ಪುಡಿ. ಹುರುಳಿಕಾಳಿನ ಸಾರಿಗೆ ಅದನ್ನೇ ಹಾಕಿದೆ. ಕುದಿಯುವಾಗಲೇ ವಾಸನೆ ನಡುಮನೆ ದಾಟಿತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆ ಹೀಗೇ ಇತ್ತು. ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

"ಮೆಂತ್ಯ ಒಂದ್ ಚೂರು ಜಾಸ್ತಿ ಆಯ್ತು," ಅಂದೆ.

ಅತ್ತೆ ನನ್ನನ್ನು ನೋಡಲಿಲ್ಲ. ಸೌಟಿನಲ್ಲಿ ತಳದಿಂದ ಕಲಕಿ, ಮಗನ ತಟ್ಟೆಗೆ ಮತ್ತಷ್ಟು ಸಾರು ಬಿಟ್ಟರು.